ಎರಡು ಬಯಲಾಟಗಳು

ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಅಟ್ಟ ಕಟ್ಟಿ ದೊಡ್ಡಾಟ ಆಡುವುದು ನಮ್ಮ ಧಾರವಾಡ ಸೀಮೆಯ ಹಳ್ಳಿಗಳ ಹಳೆಯ ವಾಡಿಕೆ. ವೇಷಧಾರಿ ರಂಗಕ್ಕೆ ಬಂದೊಡನೆ ಸಾರಥಿ ಅವನನ್ನು ತಡೆದು ನಿಲ್ಲಿಸಿ, ತಾವು ಯಾರು, ಯಾವ ದೇಶಾಧೀಶರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ವೇಷಧಾರಿ ತನ್ನ ಹೆಸರು, ಕುಲ, ಪರಾಕ್ರಮಗಳನ್ನು ಗತ್ತಿನಿಂದ ಹೇಳಿಕೊಳ್ಳುತ್ತಾನೆ. ಹಗಲು ಕೂರಿಗೆ ಹಿಡಿದ ಒಕ್ಕಲಿಗನು ಆ ರಾತ್ರಿಯ ಮಟ್ಟಿಗೆ ಕರ್ಣನೋ ಕೀಚಕನೋ ಆಗಿರುತ್ತಾನೆ. ಬೆಳಗಾದ ಮೇಲೆ ಬಣ್ಣ ತೊಳೆದುಕೊಂಡು ಮತ್ತೆ ಹೊಲಕ್ಕೆ ಹೋಗುತ್ತಾನೆ. ಆದರೆ ಆ ಒಂದು ರಾತ್ರಿ ಅವನೊಳಗೆ ಏನನ್ನೋ ಬಿಟ್ಟುಹೋಗಿರುತ್ತದೆ. ಬಯಲಿನಲ್ಲಿ ನಿಂತು ತಾನಲ್ಲದವನಾಗುವ ಈ ಕ್ರೀಡೆಗೆ ನಮ್ಮ ಹಿರಿಯರು ಬಯಲಾಟವೆಂದು ಹೆಸರಿಟ್ಟರು.

ಇಂದಿನ ತರುಣರು ಕಂಪ್ಯೂಟರಿನ ಮುಂದೆ ಕುಳಿತು ಆಡುವ ಒಂದು ಜಾತಿಯ ಆಟವಿದೆ. ಅದಕ್ಕೆ ‘ಓಪನ್ ವರ್ಲ್ಡ್ ರೋಲ್ ಪ್ಲೇಯಿಂಗ್ ಗೇಮ್’ ಎಂಬ ಉದ್ದನೆಯ ಇಂಗ್ಲಿಷ್ ಹೆಸರು. ಈ ಹೆಸರನ್ನು ಬಿಡಿಸಿ ನೋಡಿದರೆ ತೆರೆದ ಜಗತ್ತು, ಪಾತ್ರ ವಹಿಸುವುದು, ಆಟ ಎಂಬ ಮೂರು ಅಂಶಗಳು ಸಿಕ್ಕುತ್ತವೆ. ಇವಕ್ಕೆ ಬಯಲಾಟಕ್ಕಿಂತ ಒಪ್ಪುವ ಕನ್ನಡ ಪದ ನನಗೆ ತೋರದು. ವ್ಯತ್ಯಾಸ ಒಂದೇ. ದೊಡ್ಡಾಟದಲ್ಲಿ ಆಡುವವರು ಹತ್ತು ಜನ, ನೋಡುವವರು ಊರೆಲ್ಲ. ಇಲ್ಲಿ ನೋಡುವವನೇ ಗೆಜ್ಜೆ ಕಟ್ಟಬೇಕು. ಪರದೆಯ ಮೇಲೆ ಕಾಡು, ಮಲೆ, ಊರು, ಕೋಟೆಗಳಿಂದ ಕೂಡಿದ ಒಂದು ಕಲ್ಪಿತ ದೇಶ ಹರಡಿಕೊಂಡಿರುತ್ತದೆ. ಆಟಗಾರನು ಅದರೊಳಗೆ ಒಬ್ಬ ಮನುಷ್ಯನಾಗಿ ಇಳಿಯುತ್ತಾನೆ. ಯಾವ ದಿಕ್ಕಿಗೆ ಹೋಗಬೇಕು, ಯಾರೊಡನೆ ಮಾತಾಡಬೇಕು, ಯಾರ ಪಕ್ಷ ವಹಿಸಬೇಕು ಎಂಬುದನ್ನು ಬಹುಮಟ್ಟಿಗೆ ಅವನೇ ತೀರ್ಮಾನಿಸುತ್ತಾನೆ.

ಈ ಆಟಗಳ ಪೂರ್ವಜವನ್ನು ಕಾಗದ ಮತ್ತು ದಾಳಗಳಿಂದ ಆಡುತ್ತಿದ್ದರು. ೧೯೭೪ರಲ್ಲಿ ಅಮೆರಿಕೆಯ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ನಾಲ್ಕಾರು ಗೆಳೆಯರು ಮೇಜಿನ ಸುತ್ತ ಕುಳಿತು ಒಬ್ಬನು ಯೋಧ, ಒಬ್ಬನು ಮಂತ್ರವಾದಿ, ಒಬ್ಬನು ಕಳ್ಳನೆಂದು ಪಾತ್ರ ಹಂಚಿಕೊಳ್ಳುವರು. ಇನ್ನೊಬ್ಬನು ನಮ್ಮ ಭಾಗವತನಂತೆ ಕಥೆ ನಡೆಸುವನು. ಎದುರಾದ ರಾಕ್ಷಸನನ್ನು ಗೆದ್ದರೋ ಸೋತರೋ ಎಂಬುದನ್ನು ದಾಳ ಹೇಳುವುದು. ಕಂಪ್ಯೂಟರು ಬಂದ ಮೇಲೆ ಭಾಗವತನ ಕೆಲಸವನ್ನೂ ದಾಳದ ಕೆಲಸವನ್ನೂ ಯಂತ್ರ ವಹಿಸಿಕೊಂಡಿತು. ೧೯೮೬ರಲ್ಲಿ ಜಪಾನಿನ ಶಿಗೆರು ಮಿಯಾಮೊಟೊ ಅವರು, ಕ್ಯೋಟೊ ಬಳಿಯ ಗುಡ್ಡಗಾಡಿನಲ್ಲಿ ತಾವು ಬಾಲ್ಯದಲ್ಲಿ ಅಲೆದಾಡಿದ ನೆನಪಿನಿಂದ ‘ಜೆಲ್ಡಾ’ ಎಂಬ ಆಟವನ್ನು ರಚಿಸಿದರು. ಮನೆಯಿಂದ ಹೊರಬಿದ್ದ ಹುಡುಗನಿಗೆ ಗವಿಯೊಂದು ಕಂಡಾಗ ಆಗುವ ಪುಲಕವನ್ನು ಯಂತ್ರದಿಂದ ಕೊಡಬಹುದೆಂದು ಆ ಆಟ ತೋರಿಸಿತು.

ನಾನು ಸಾಹಿತ್ಯ ಓದಿಸಿ ನಿವೃತ್ತನಾದವನು. ಈ ಆಟಗಳನ್ನು ಹೊತ್ತುಗಳೆಯುವ ಹವ್ಯಾಸವೆಂದೇ ಬಹುಕಾಲ ತಿಳಿದಿದ್ದೆ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಮೊಮ್ಮಗ ರಜೆಗೆ ಬಂದಾಗ ಅವನನ್ನು ಗದರಿಸುವ ಉದ್ದೇಶದಿಂದಲೇ ಅವನ ಪಕ್ಕದಲ್ಲಿ ಕುಳಿತೆ. ಗದರಿಸುವುದು ಉಳಿಯಿತು, ಎದ್ದಾಗ ರಾತ್ರಿ ಎರಡು ಗಂಟೆ. ಅವನು ಆಡುತ್ತಿದ್ದ ಎರಡು ಆಟಗಳನ್ನು ಕುರಿತೇ ಇಂದು ಹೇಳಬೇಕೆಂದಿದ್ದೇನೆ. ಒಂದರ ಹೆಸರು ‘ಸ್ಕೈರಿಮ್’, ಇನ್ನೊಂದರ ಹೆಸರು ‘ವಿಚರ್’. ಅದರಲ್ಲಿಯೂ ಮೂರನೆಯ ವಿಚರ್.

‘ಸ್ಕೈರಿಮ್’ ಅಮೆರಿಕೆಯದು. ಮೇರಿಲ್ಯಾಂಡ್ ಪ್ರಾಂತದ ಬೆಥೆಸ್ಡಾ ಎಂಬ ಸಂಸ್ಥೆಯಲ್ಲಿ ಟಾಡ್ ಹೊವರ್ಡ್ ಅವರ ನಿರ್ದೇಶನದಲ್ಲಿ ಸುಮಾರು ನೂರು ಜನ ಸೇರಿ ರಚಿಸಿದ್ದು. ಬಿಡುಗಡೆಯಾದದ್ದು ೨೦೧೧ರ ನವೆಂಬರ್ ೧೧ರಂದು. ೧೯೯೪ರಿಂದ ನಡೆದುಬಂದ ಒಂದು ಮಾಲಿಕೆಯಲ್ಲಿ ಅದು ಐದನೆಯದು. ‘ವಿಚರ್’ ಪೋಲೆಂಡಿನದು. ರಾಜಧಾನಿ ವಾರ್ಸಾದ ಸಿ.ಡಿ. ಪ್ರೊಜೆಕ್ಟ್ ಸಂಸ್ಥೆಯವರು ಅದರ ಮೂರನೆಯ ಭಾಗವನ್ನು ೨೦೧೫ರ ಮೇ ೧೯ರಂದು ಹೊರತಂದರು. ೨೦೨೩ರ ಹೊತ್ತಿಗೆ ಮೊದಲನೆಯದು ಆರು ಕೋಟಿಗೂ ಹೆಚ್ಚು, ಎರಡನೆಯದು ಐದು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಎರಡರಲ್ಲಿಯೂ ಕತ್ತಿ, ಮಂತ್ರ, ರಾಕ್ಷಸ, ರಾಜರು ಇದ್ದಾರೆ. ಎರಡನ್ನೂ ಸಂಪೂರ್ಣವಾಗಿ ನೋಡಬೇಕೆಂದರೆ ನೂರು ಗಂಟೆಗೂ ಮಿಕ್ಕಿ ಬೇಕು. ಮೇಲುನೋಟಕ್ಕೆ ಅಣ್ಣತಮ್ಮಂದಿರಂತೆ ಕಾಣುವ ಇವುಗಳ ಮನೋಧರ್ಮ ಮಾತ್ರ ತೀರ ಬೇರೆ.

ಸಾರಥಿಯ ಮೊದಲ ಪ್ರಶ್ನೆಯನ್ನೇ ಇವೆರಡಕ್ಕೂ ಕೇಳೋಣ: ತಾವು ಯಾರು?

ಸ್ಕೈರಿಮ್ ಆಟ ಪ್ರಾರಂಭವಾಗುವಾಗ ನೀವು ಕೈಕಟ್ಟಿಸಿಕೊಂಡು ಬಂಡಿಯಲ್ಲಿ ಕುಳಿತಿರುತ್ತೀರಿ. ವಧಸ್ಥಾನಕ್ಕೆ ಒಯ್ಯುತ್ತಿದ್ದಾರೆ. ಅಪರಾಧವೇನೆಂಬುದು ಯಾರಿಗೂ ಸರಿಯಾಗಿ ತಿಳಿಯದು. ಅಲ್ಲಿ ಒಬ್ಬ ಅಧಿಕಾರಿ ನಿಮ್ಮನ್ನು ಯಾರೆಂದು ಕೇಳುತ್ತಾನೆ. ಆಗ ನೀವು ಹತ್ತು ಕುಲಗಳಲ್ಲಿ ಒಂದನ್ನು ಆರಿಸಿ, ಗಂಡೋ ಹೆಣ್ಣೋ ಆಗಿ, ಮೂಗು ಹುಬ್ಬುಗಳನ್ನು ತಿದ್ದಿ, ಹೆಸರು ಇಟ್ಟುಕೊಳ್ಳಬೇಕು. ಅಷ್ಟರಲ್ಲಿ ಒಂದು ಘಟಸರ್ಪ ಬಂದು ಊರನ್ನು ಸುಡುತ್ತದೆ. ಆ ಗದ್ದಲದಲ್ಲಿ ನೀವು ಪಾರಾಗುತ್ತೀರಿ. ನಿಮಗೆ ಪೂರ್ವಚರಿತ್ರೆಯಿಲ್ಲ, ತಾಯಿತಂದೆಗಳಿಲ್ಲ, ಧ್ವನಿಯೂ ಇಲ್ಲ. ನಿಮ್ಮ ಉತ್ತರಗಳು ಪರದೆಯ ಮೇಲೆ ಅಕ್ಷರಗಳಾಗಿ ಕಾಣುತ್ತವೆಯೇ ಹೊರತು ಕಿವಿಗೆ ಕೇಳಿಸುವುದಿಲ್ಲ. ಬಣ್ಣದ ಪೆಟ್ಟಿಗೆಯನ್ನೂ ಕನ್ನಡಿಯನ್ನೂ ಕೈಗೆ ಕೊಟ್ಟು, ನಿನಗೆ ಬೇಕಾದ ವೇಷ ನೀನೇ ಬರೆದುಕೊ ಎಂದಂತಾಯಿತು.

ವಿಚರ್‌ನಲ್ಲಿ ಈ ಸ್ವಾತಂತ್ರ್ಯವಿಲ್ಲ. ಅಲ್ಲಿ ನೀವು ಗೆರಾಲ್ಟ್ ಎಂಬ ಬಿಳಿಗೂದಲಿನ, ಮುಖದ ಮೇಲೆ ಗಾಯದ ಗುರುತಿರುವ, ಒರಟು ಧ್ವನಿಯ ಮನುಷ್ಯ. ಅವನ ವೃತ್ತಿ ಹಣ ತೆಗೆದುಕೊಂಡು ಭೂತರಾಕ್ಷಸರನ್ನು ಬೇಟೆಯಾಡುವುದು. ಎಳೆವಯಸ್ಸಿನಲ್ಲಿಯೇ ಔಷಧಿಗಳಿಂದ ಅವನ ದೇಹವನ್ನು ಮಾರ್ಪಡಿಸಿದ್ದಾರೆ. ಜನರಿಗೆ ಅವನು ಬೇಕು; ಆದರೆ ಅವನನ್ನು ಕಂಡರೆ ಹೇಸುತ್ತಾರೆ. ಅವನಿಗೆ ಹಳೆಯ ಪ್ರೀತಿಗಳಿವೆ, ಹಳೆಯ ಜಗಳಗಳಿವೆ. ಹೆತ್ತ ಮಗಳಲ್ಲದಿದ್ದರೂ ಮಗಳಂತೆಯೇ ಸಾಕಿದ ಸಿರಿ ಎಂಬ ಹುಡುಗಿಯಿದ್ದಾಳೆ. ಕಾಣೆಯಾದ ಆ ಮಗಳನ್ನು ಅರಸುವುದೇ ಕಥೆ. ಇಲ್ಲಿ ನೀವು ವೇಷವನ್ನು ಬರೆಯುವುದಿಲ್ಲ, ಬರೆದಿಟ್ಟ ವೇಷವನ್ನು ತೊಡುತ್ತೀರಿ. ದೊಡ್ಡಾಟದ ಕರ್ಣನ ಗತಿ ಏನೆಂದು ನೋಡುವವರಿಗೆಲ್ಲ ಗೊತ್ತು. ಆದರೂ ಒಬ್ಬ ನಟನ ಕರ್ಣನಂತೆ ಇನ್ನೊಬ್ಬನ ಕರ್ಣ ಇರುವುದಿಲ್ಲ. ಗೆರಾಲ್ಟನ ಪಾತ್ರದಲ್ಲಿ ಆಟಗಾರನಿಗಿರುವ ಅವಕಾಶ ಆ ಬಗೆಯದು.

ಇನ್ನು ಈ ಎರಡು ದೇಶಗಳ ರಚನೆಯನ್ನು ನೋಡಬಹುದು. ಸ್ಕೈರಿಮ್ ವಸ್ತುಗಳ ಜಗತ್ತು. ಅಲ್ಲಿ ಗುಡಿಸಲೊಂದನ್ನು ಹೊಕ್ಕರೆ ಮೇಜಿನ ಮೇಲಿನ ಬಟ್ಟಲನ್ನು, ತೂಗುಹಾಕಿದ ಬೆಳ್ಳುಳ್ಳಿಯನ್ನು, ಕಪಾಟಿನ ಪುಸ್ತಕವನ್ನು ಕೈಗೆತ್ತಿಕೊಳ್ಳಬಹುದು. ಪುಸ್ತಕವಾದರೆ ಬಿಚ್ಚಿ ಓದಬಹುದು. ಆ ಕಲ್ಪಿತ ದೇಶದ ಇತಿಹಾಸ, ಪುರಾಣ, ಅಡುಗೆ, ಪೋಲಿಕಥೆ ಎಲ್ಲವೂ ನೂರಾರು ಪುಸ್ತಕಗಳಲ್ಲಿ ಹಂಚಿಹೋಗಿದೆ. ಊರಿನ ಕಮ್ಮಾರನು ಬೆಳಿಗ್ಗೆ ಎದ್ದು ಕುಲುಮೆಗೆ ಹೋಗುತ್ತಾನೆ, ಸಂಜೆ ಪಾನಗೃಹದಲ್ಲಿ ಕೂರುತ್ತಾನೆ, ರಾತ್ರಿ ಮಲಗುತ್ತಾನೆ. ನೀವು ನೋಡಿದರೂ ನೋಡದಿದ್ದರೂ ಅವನ ದಿನಚರಿ ನಡೆಯುತ್ತಿರುತ್ತದೆ.

ವಿದ್ಯೆ ಬೆಳೆಯುವ ರೀತಿಯೂ ಗಮನಾರ್ಹವಾಗಿದೆ. ಹದಿನೆಂಟು ವಿದ್ಯೆಗಳಿವೆ. ಬಿಲ್ಲು ಹೊಡೆದಷ್ಟೂ ಬಿಲ್ವಿದ್ಯೆ ಬೆಳೆಯುತ್ತದೆ, ಕಬ್ಬಿಣ ಬಡಿದಷ್ಟೂ ಕಮ್ಮಾರಿಕೆ ಬೆಳೆಯುತ್ತದೆ. ಬಹುಮಟ್ಟಿಗೆ ಮಾಡಿಯೇ ಕಲಿಯಬೇಕು. ಮಲ್ಲಿಕಾರ್ಜುನ ಮನಸೂರರ ರಿಯಾಜನ್ನು ಕೇಳಿ ಬಲ್ಲ ಊರಿನವರಿಗೆ ಈ ನಿಯಮವನ್ನು ವಿವರಿಸಬೇಕಾಗಿಲ್ಲ. ಇದಕ್ಕಿಂತಲೂ ನನ್ನನ್ನು ಸೆಳೆದದ್ದು ಆ ಆಟದಲ್ಲಿ ಮಾತಿಗೆ ಇರುವ ಸ್ಥಾನ. ಅಲ್ಲಿನ ಘಟಸರ್ಪಗಳಿಗೆ ಅವುಗಳದೇ ಭಾಷೆಯಿದೆ. ಅದಕ್ಕಾಗಿ ರಚನಕಾರರು ಲಿಪಿಯನ್ನೂ ಕಲ್ಪಿಸಿದ್ದಾರೆ. ಹಳೆಯ ಕಲ್ಲುಗೋಡೆಗಳ ಮೇಲೆ ಶಾಸನಗಳಂತೆ ಕೊರೆದಿರುವ ಆ ಪದಗಳನ್ನು ನಾಯಕ ಹುಡುಕಿಕೊಂಡು ಹೋಗುತ್ತಾನೆ. ಒಂದು ಪದವನ್ನು ಸರಿಯಾಗಿ ಉಚ್ಚರಿಸಿದರೆ ಬಾಯಿಂದ ಬೆಂಕಿ ಬರುತ್ತದೆ, ಇನ್ನೊಂದನ್ನು ಉಚ್ಚರಿಸಿದರೆ ಆಕಾಶ ತಿಳಿಯಾಗುತ್ತದೆ. ಪದವನ್ನು ಓದಿದರೆ ಸಾಲದು, ಅದರ ಅರ್ಥ ಒಳಗಿಳಿಯಬೇಕು. ಹಿಮದ ಶಿಖರದ ಮಠವೊಂದರಲ್ಲಿ ಕೆಲವು ವೃದ್ಧರು ಮೌನದಲ್ಲಿ ಈ ನಾದವಿದ್ಯೆಯನ್ನು ಕಾಪಾಡಿಕೊಂಡು ಬಂದಿದ್ದಾರೆ. ಅವರು ಬಾಯಿ ತೆರೆದರೆ ಬೆಟ್ಟ ನಡುಗುತ್ತದೆ. ಬೇಂದ್ರೆಯವರು ಬಾಳಿದ ಸಾಧನಕೇರಿಯ ನೆರೆಯಲ್ಲಿರುವ ನನಗೆ ಇದು ಪರಕೀಯವೆನಿಸಲಿಲ್ಲ.

ಕಥೆಯ ಬೇರುಗಳು ಉತ್ತರ ಯುರೋಪಿನ ಪುರಾಣದಲ್ಲಿವೆ. ಯುದ್ಧದಲ್ಲಿ ಮಡಿದ ವೀರರು ಸೇರುವ ಒಂದು ಲೋಕವಿದೆ. ಜಗತ್ತನ್ನು ನುಂಗಲು ಬಂದ ಘಟಸರ್ಪ ಆ ವೀರಾತ್ಮಗಳನ್ನೂ ತಿನ್ನುತ್ತಿರುತ್ತದೆ. ಕಡೆಯ ಯುದ್ಧ ನಡೆಯುವುದು ಅಲ್ಲಿಯೇ. ನಮ್ಮ ಸೀಮೆಯ ವೀರಗಲ್ಲುಗಳಲ್ಲಿ, ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ ಎಂದು ಮೂರು ಅಂತಸ್ತಿನಲ್ಲಿ ಕೆತ್ತಿರುವುದನ್ನು ನೋಡಿದವರಿಗೆ ಈ ಕಲ್ಪನೆ ಪರಿಚಿತವೇ.

ಇಷ್ಟು ಸಂಪತ್ತಿನ ಜೊತೆಗೆ ಸ್ಕೈರಿಮ್‌ಗೆ ಒಂದು ಬಡತನವೂ ಇದೆ. ಆ ಜಗತ್ತಿಗೆ ನೆನಪು ಕಡಿಮೆ. ಮಂತ್ರವಿದ್ಯೆಯ ಗುರುಕುಲಕ್ಕೆ ಸೇರಿ ನಾಲ್ಕು ಮಂತ್ರ ಕಲಿಯುವಷ್ಟರಲ್ಲಿ ನಿಮ್ಮನ್ನೇ ಕುಲಪತಿಯನ್ನಾಗಿ ಮಾಡುತ್ತಾರೆ. ಜೊತೆಗೆ ಕಳ್ಳರ ಸಂಘಕ್ಕೂ ನೀವೇ ಮುಖ್ಯಸ್ಥರಾಗಬಹುದು. ಆ ದೇಶದಲ್ಲಿ ಒಂದು ಅಂತಃಕಲಹವೂ ನಡೆದಿರುತ್ತದೆ. ಒಂದು ಪಕ್ಷ ತನ್ನ ದೇವರ ಪೂಜೆಯನ್ನು ಸಾಮ್ರಾಜ್ಯವು ನಿಷೇಧಿಸಿತೆಂದು ಬಂಡೆದ್ದಿದೆ. ಆದರೆ ಅದೇ ಪಕ್ಷದ ರಾಜಧಾನಿಯಲ್ಲಿ ಅನ್ಯಕುಲದ ವಲಸಿಗರನ್ನು ಹೊಲಸು ಕೇರಿಯೊಂದಕ್ಕೆ ದೂಡಿದ್ದಾರೆ. ಯಾರ ಪಕ್ಷ ನ್ಯಾಯದ್ದು? ಪ್ರಶ್ನೆ ಬಲವಾದದ್ದು, ಉತ್ತರಕ್ಕೆ ಸಿಗುವ ಫಲ ದುರ್ಬಲವಾದದ್ದು. ಯಾರನ್ನೇ ಗೆಲ್ಲಿಸಿದರೂ ಕೋಟೆಯ ಬಾವುಟ ಬದಲಾಗುತ್ತದೆ, ಪಾಳೆಯಗಾರರು ಬದಲಾಗುತ್ತಾರೆ. ಬೀದಿಯ ಬದುಕು ಹಾಗೆಯೇ ಇರುತ್ತದೆ. ರಾಜಕಾರಣದ ಬಗ್ಗೆ ಇದೇ ನಿಜವಾದ ಮಾತೆಂದು ಯಾರಾದರೂ ವಾದಿಸಿದರೆ ನಾನು ಹೆಚ್ಚು ಎದುರಾಡಲಾರೆ.

ವಿಚರ್‌ನ ಪೆಟ್ಟಿಗೆಯಲ್ಲಿ ವಸ್ತುಗಳು ಕಡಿಮೆ, ಮನುಷ್ಯರು ಹೆಚ್ಚು. ಅಲ್ಲಿ ಪ್ರತಿ ಹಳ್ಳಿಯಲ್ಲಿಯೂ ಒಂದು ಹಲಗೆಯಿರುತ್ತದೆ. ಭೂತದ ಕಾಟವಾದವರು ಅದರ ಮೇಲೆ ಚೀಟಿ ಹಚ್ಚಿರುತ್ತಾರೆ. ಗೆರಾಲ್ಟ್ ಹೋಗಿ ವಿಚಾರಿಸುತ್ತಾನೆ, ಹೆಜ್ಜೆಗುರುತು ನೋಡುತ್ತಾನೆ, ಕೂಲಿಯ ಚೌಕಾಶಿಯನ್ನೂ ಮಾಡುತ್ತಾನೆ. ಭೂತದ ಮೂಲವನ್ನು ಕೆದಕಿದರೆ ಬಹುಮಟ್ಟಿಗೆ ಮನುಷ್ಯರು ಮಾಡಿದ ಒಂದು ಪಾಪ ಹೊರಬೀಳುತ್ತದೆ. ಆರಂಭದಲ್ಲಿಯೇ ಇಂಥ ಒಂದು ಪ್ರಸಂಗವಿದೆ. ಹಾಳೂರೊಂದರ ಬಾವಿಯ ಬಳಿ ನಡುಹಗಲಿನಲ್ಲಿ ಹೆಣ್ಣುಭೂತವೊಂದು ಕಾಣಿಸಿಕೊಳ್ಳುತ್ತದೆ. ಕೊಲೆಯಾದ ಹೆಣ್ಣುಮಗಳ ಎಲುಬುಗಳು ಬಾವಿಯಲ್ಲಿವೆ. ಅವಳ ಬಳೆ ತಳದಲ್ಲಿ ಬಿದ್ದಿದೆ. ಬಾವಿಗಿಳಿದು ಬಳೆಯನ್ನು ತಂದು ಎಲುಬುಗಳೊಡನೆ ದಹನ ಮಾಡಿದ ಹೊರತು ಅವಳಿಗೆ ಬಿಡುಗಡೆಯಿಲ್ಲ. ನಡುಹಗಲಿನ ಭೂತ ಪೋಲೆಂಡಿನ ಜನಪದ ನಂಬಿಕೆಯದು. ಮಟಮಟ ಮಧ್ಯಾಹ್ನದಲ್ಲಿ ಬಾವಿಯ ಕಡೆ ಸುಳಿಯಬೇಡವೆಂದು ನಮ್ಮ ಅಜ್ಜಿಯರೂ ಹೇಳುತ್ತಿದ್ದುದು ನೆನಪಾಗಿ ನಾನು ಬೆರಗಾದೆ.

ಈ ಆಟದ ಹಿರಿಮೆಯನ್ನು ತಿಳಿಯಲು ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಯುದ್ಧದಿಂದ ಹಾಳಾದ ವೆಲೆನ್ ಎಂಬ ನಾಡನ್ನು ಒಬ್ಬ ಸೇನಾಪತಿ ಆಕ್ರಮಿಸಿಕೊಂಡಿರುತ್ತಾನೆ. ಜನ ಅವನನ್ನು ‘ರಕ್ತದ ಬ್ಯಾರನ್’ ಎಂದು ಕರೆಯುತ್ತಾರೆ. ಅವನ ಹೆಂಡತಿ ಮತ್ತು ಮಗಳು ಕಾಣೆಯಾಗಿದ್ದಾರೆ. ಅವರನ್ನು ಹುಡುಕಿಕೊಟ್ಟರೆ ಸಿರಿಯ ಸುದ್ದಿ ಹೇಳುವೆನೆಂದು ಅವನ ಕರಾರು. ಹುಡುಕುತ್ತ ಹೋದಂತೆ ಸಂಗತಿ ಬಿಚ್ಚಿಕೊಳ್ಳುತ್ತದೆ. ಅವನು ಕುಡುಕ, ಹೆಂಡತಿಯನ್ನು ಹೊಡೆಯುತ್ತಿದ್ದವನು. ಅಂಥ ಒಂದು ರಾತ್ರಿ ಅವಳ ಗರ್ಭ ಇಳಿದುಹೋಯಿತು. ಹೆಸರಿಡದೆ, ಸಂಸ್ಕಾರವಿಲ್ಲದೆ ಹೂಳಿದ ಆ ಪಿಂಡ ಈಗ ಪಿಶಾಚವಾಗಿ ಎದ್ದಿದೆ. ಅದನ್ನು ಕತ್ತಿಯಿಂದ ಕೊಲ್ಲಬಹುದು. ಇನ್ನೊಂದು ದಾರಿಯೂ ಇದೆ: ತಂದೆಯೇ ಅದನ್ನು ಕೈಯಲ್ಲಿ ಎತ್ತಿಕೊಂಡು ಮನೆಗೆ ತಂದು, ಹೆಸರಿಟ್ಟು, ಮಗಳೆಂದು ಒಪ್ಪಿಕೊಂಡು, ಹೊಸ್ತಿಲ ಕೆಳಗೆ ಹೂಳಬೇಕು. ಆಗ ಪಿಶಾಚ ಹೋಗಿ ಅದು ಮನೆಯನ್ನು ಕಾಯುವ ದೇವತೆಯಾಗುತ್ತದೆ.

ಎರಡನೆಯ ದಾರಿಯನ್ನು ಆರಿಸಿದರೆ ಆ ಕಟುಕ ಮನುಷ್ಯ ವಿಕಾರರೂಪದ ಕೂಸನ್ನು ಎದೆಗವುಚಿಕೊಂಡು ಇರುಳಿನಲ್ಲಿ ನಡೆಯುತ್ತಾನೆ. ನೀವು ಜೊತೆಗೆ ನಡೆಯಬೇಕು. ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿಯುವ ಮನೆಯಲ್ಲಿ ಬೆಳೆದವನಾದ ನನಗೆ ಆ ದೃಶ್ಯವನ್ನು ನೋಡುತ್ತ ಕುಳಿತುಕೊಳ್ಳುವುದು ಕಷ್ಟವಾಯಿತು. ಅವನ ಅಪರಾಧವನ್ನು ಆಟ ಎಲ್ಲಿಯೂ ಕ್ಷಮಿಸುವುದಿಲ್ಲ. ಅವನ ಪಶ್ಚಾತ್ತಾಪವನ್ನು ಸುಳ್ಳೆಂದೂ ತಳ್ಳಿಹಾಕುವುದಿಲ್ಲ. ಇವೆರಡನ್ನೂ ಒಂದೇ ಕೈಯಲ್ಲಿ ಹಿಡಿಯುವ ಸಾಮರ್ಥ್ಯ ನಾವು ಒಳ್ಳೆಯ ಕಾದಂಬರಿಯಿಂದ ನಿರೀಕ್ಷಿಸುವಂಥದು.

ಇದೇ ಕಥೆ ಮುಂದುವರಿದಂತೆ ಒಂದು ಮರದ ಬೇರಿನಲ್ಲಿ ಬಂಧಿತವಾದ ಒಂದು ಶಕ್ತಿ ಎದುರಾಗುತ್ತದೆ. ನನ್ನನ್ನು ಬಿಡಿಸು, ಜೌಗಿನ ಮೂವರು ಮಾಟಗಾತಿಯರು ತಿನ್ನಲಿರುವ ಅನಾಥಮಕ್ಕಳನ್ನು ಉಳಿಸುತ್ತೇನೆ ಎನ್ನುತ್ತದೆ. ಊರ ಹಿರಿಯ ಮಾತ್ರ ಅದನ್ನು ಕೊಲ್ಲಲೇಬೇಕೆಂದು ಕೇಳಿಕೊಂಡಿದ್ದಾನೆ. ಬಿಡಿಸಿದರೆ ಮಕ್ಕಳು ಉಳಿಯುತ್ತಾರೆ; ಆದರೆ ಆ ಶಕ್ತಿ ಊರೊಂದನ್ನು ನಾಶಮಾಡುತ್ತದೆ; ಮಕ್ಕಳು ತಪ್ಪಿಸಿಕೊಂಡ ಸಿಟ್ಟಿಗೆ ಮಾಟಗಾತಿಯರು ಬ್ಯಾರನ್ನನ ಹೆಂಡತಿಯನ್ನು ಶಿಕ್ಷಿಸಿ ಅವಳು ಸಾಯುತ್ತಾಳೆ; ಅವನು ಉರುಲು ಹಾಕಿಕೊಳ್ಳುತ್ತಾನೆ. ಕೊಂದರೆ ಊರು ಉಳಿಯುತ್ತದೆ. ಹೆಂಡತಿ ಬುದ್ಧಿಭ್ರಮಣೆಯಾದರೂ ಬದುಕುತ್ತಾಳೆ. ಗಂಡ ಅವಳನ್ನು ವೈದ್ಯನ ಕಡೆಗೆ ಕರೆದುಕೊಂಡು ಹೊರಡುತ್ತಾನೆ. ಆದರೆ ಮಕ್ಕಳು ಇಲ್ಲವಾಗುತ್ತಾರೆ. ಈ ಫಲಗಳು ಆಯ್ಕೆ ಮಾಡುವ ಕ್ಷಣದಲ್ಲಿ ತಿಳಿಯುವುದಿಲ್ಲ. ಎಷ್ಟೋ ಗಂಟೆಗಳ ಆಟ ಕಳೆದ ಮೇಲೆ, ನೀವು ಅದನ್ನು ಮರೆತಿರುವಾಗ, ಎದುರಿಗೆ ಬಂದು ನಿಲ್ಲುತ್ತವೆ. ಮಹಾಭಾರತವನ್ನು ಓದಿದವರು ಇದನ್ನು ಧರ್ಮಸಂಕಟವೆನ್ನುತ್ತಾರೆ.

ಸಿರಿಯ ವಿಷಯದಲ್ಲಿ ಈ ನ್ಯಾಯ ಇನ್ನೂ ಸೂಕ್ಷ್ಮವಾಗಿದೆ. ಕಡೆಗೆ ಅವಳು ಬದುಕುವಳೋ ಇಲ್ಲವೋ ಎಂಬುದು ನಾಯಕನ ಕತ್ತಿಯನ್ನು ಅವಲಂಬಿಸಿಲ್ಲ. ನಡುವೆ ಬರುವ ಕೆಲವು ಸಣ್ಣ ಗಳಿಗೆಗಳಲ್ಲಿ ಅವನು ಮಗಳೊಡನೆ ಹೇಗೆ ನಡೆದುಕೊಂಡನೆಂಬುದರ ಮೇಲೆ ನಿಂತಿದೆ. ಅವಳು ಎದೆಗುಂದಿದಾಗ ಎಲ್ಲದರಲ್ಲಿಯೂ ಗೆಲ್ಲಬೇಕಾಗಿಲ್ಲವೆಂದು ಉಪದೇಶ ಮಾಡಿದನೋ, ಅಥವಾ ಹಿಮದ ಉಂಡೆ ಎಸೆದು ಆಟಕ್ಕೆಳೆದನೋ? ಹಿರಿಯರ ಸಭೆಗೆ ಅವಳೊಬ್ಬಳನ್ನೇ ಹೋಗಗೊಟ್ಟನೋ, ತಾನೂ ಬೆನ್ನುಹತ್ತಿದನೋ? ಸತ್ತ ಗೆಳೆಯನ ಸಮಾಧಿಗೆ ಅವಳೊಡನೆ ಹೋದನೋ, ಹೊತ್ತಿಲ್ಲವೆಂದನೋ? ಮಗಳನ್ನು ನಂಬಿದ ತಂದೆಗೆ ಮಗಳು ಉಳಿಯುತ್ತಾಳೆ. ಹದ್ದಿನಂತೆ ಕಾಯ್ದವನು ಕಳೆದುಕೊಳ್ಳುತ್ತಾನೆ. ಈ ಲೆಕ್ಕ ನಡೆಯುತ್ತಿದೆಯೆಂದು ಆಟ ಮುಂಚಿತವಾಗಿ ಹೇಳುವುದಿಲ್ಲ. ಮನೆಯಲ್ಲಿಯೂ ಹಾಗೆಯೇ ಅಲ್ಲವೇ?

ಹಾಗಾದರೆ ವಿಚರ್ ಶ್ರೇಷ್ಠ, ಸ್ಕೈರಿಮ್ ಕನಿಷ್ಠವೆಂದು ತೀರ್ಪು ಕೊಡಬಹುದೇ? ಅವಸರ ಬೇಡ. ವಿಚರ್‌ನ ದೋಷಗಳನ್ನೂ ಹೇಳಬೇಕು. ಮಗಳು ಪ್ರಾಣಾಪಾಯದಲ್ಲಿದ್ದಾಳೆಂದು ಕಥೆ ಕೂಗುತ್ತಿರುವಾಗ ತಂದೆ ಪಾನಗೃಹದಲ್ಲಿ ದಿನಗಟ್ಟಲೆ ಎಲೆಯಾಟ ಆಡಬಹುದು, ಆಟ ಸುಮ್ಮನಿರುತ್ತದೆ. ತೆರೆದ ಜಗತ್ತಿನ ಸ್ವಾತಂತ್ರ್ಯಕ್ಕೂ ಬಿಗಿಯಾದ ಕಥೆಗೂ ಇರುವ ಈ ವಿರೋಧವನ್ನು ಅದು ಪರಿಹರಿಸಿಲ್ಲ. ಮೂಲೆಯ ನಕ್ಷೆಯಲ್ಲಿ ಚುಕ್ಕೆಗಳು ದಾರಿ ತೋರುತ್ತವೆ. ಆಟಗಾರನ ಕಣ್ಣು ಕಾಡಿನ ಮೇಲಿರದೆ ಚುಕ್ಕೆಗಳ ಮೇಲಿರುತ್ತದೆ.

ಸ್ಕೈರಿಮ್ ಕೊಡುವುದು ಏಕಾಂತವನ್ನು. ಕಥೆಯನ್ನು ಪೂರ್ತಿ ಮರೆತು, ಉತ್ತರಧ್ರುವದ ಬಣ್ಣದ ಬೆಳಕು ಆಕಾಶದಲ್ಲಿ ಆಡುವ ಇರುಳಿನಲ್ಲಿ, ಒಂದು ಶಿಖರ ಕಂಡಿತೆಂಬ ಕಾರಣಕ್ಕೆ ಅದನ್ನು ಹತ್ತಬಹುದು. ಶಿಖರದ ಮೇಲೆ ಒಬ್ಬ ಮುದಿ ಘಟಸರ್ಪನಿದ್ದಾನೆ. ಹಿಂದೆ ದುಷ್ಟನ ಬಂಟನಾಗಿ ಕ್ರೌರ್ಯ ನಡೆಸಿ, ಆಮೇಲೆ ಮನಸ್ಸು ತಿರುಗಿ ತಪಸ್ಸಿಗೆ ಕುಳಿತವನು, ನಿಮ್ಮ ಗುರು. ಹಳೆಯ ಅಪರಾಧಕ್ಕಾಗಿ ಅವನನ್ನು ಕೊಲ್ಲಬೇಕೆಂದು ನಿಮ್ಮ ಸಹಾಯಕರೇ ಹಟಹಿಡಿಯುತ್ತಾರೆ. ಕೊಂದರೆ ಮಠದ ವೃದ್ಧರು ನಿಮಗೆ ಬೆನ್ನು ತಿರುಗಿಸುತ್ತಾರೆ, ಕೊಲ್ಲದಿದ್ದರೆ ಸಹಾಯಕರು ದೂರವಾಗುತ್ತಾರೆ. ಇದಕ್ಕಿಂತ ಹೆಚ್ಚಿನ ಶಿಕ್ಷೆಯೂ ಇಲ್ಲ, ಬಹುಮಾನವೂ ಇಲ್ಲ. ರತ್ನಾಕರನು ವಾಲ್ಮೀಕಿಯಾದ ಮೇಲೂ ಬೇಡನ ಪಾಪಕ್ಕೆ ದಂಡ ತೆರಬೇಕೇ ಎಂಬುದನ್ನು ನೀವೇ ನಿಮ್ಮೊಳಗೆ ಇತ್ಯರ್ಥ ಮಾಡಿಕೊಳ್ಳಬೇಕು. ವಿಚರ್ ನಿಮ್ಮ ಕೃತ್ಯದ ಫಲವನ್ನು ತಂದು ತೋರಿಸುತ್ತದೆ. ಸ್ಕೈರಿಮ್ ನಿಮ್ಮನ್ನು ನಿಮ್ಮ ಪಾಡಿಗೆ ಬಿಟ್ಟುಬಿಡುತ್ತದೆ. ಇಪ್ಪತ್ತರ ತರುಣನಿಗೆ ಎರಡೂ ಬಗೆಯ ಪಾಠ ಬೇಕೆಂದು ನನಗೆ ತೋರುತ್ತದೆ. ತೀರ ಎಳೆಯರಿಗೆ ಮಾತ್ರ ಇವು ಸಲ್ಲವು. ಅಮೆರಿಕೆಯಲ್ಲಿ ಎರಡನ್ನೂ ೧೭ ವರ್ಷ ತುಂಬಿದವರಿಗೆಂದು ವರ್ಗೀಕರಿಸಿದ್ದಾರೆ. ಆ ಮಾತನ್ನು ತಾಯಿತಂದೆಗಳು ಲಘುವಾಗಿ ತೆಗೆದುಕೊಳ್ಳಬಾರದು.

ಇನ್ನು ನಾನು ಹೇಳಲೇಬೇಕಾದದ್ದು ಒಂದಿದೆ. ವಿಚರ್ ಹುಟ್ಟಿದ ಬಗೆ ನಮ್ಮಂಥ ಭಾಷೆಯವರು ಕೇಳಬೇಕಾದದ್ದು. ೧೯೮೬ರಲ್ಲಿ ಪೋಲೆಂಡಿನ ‘ಫಂತಾಸ್ತಿಕಾ’ ಎಂಬ ಮಾಸಪತ್ರಿಕೆ ಕಥಾಸ್ಪರ್ಧೆಯೊಂದನ್ನು ನಡೆಸಿತು. ವಿದೇಶವ್ಯಾಪಾರದ ಕೆಲಸದಲ್ಲಿದ್ದ ಆಂಜೇಯ್ ಸಪ್ಕೋವ್ಸ್ಕಿ ಎಂಬವರು ಗೆರಾಲ್ಟನ ಮೊದಲ ಕಥೆಯನ್ನು ಅದಕ್ಕೆ ಕಳಿಸಿದರು. ಬಂದದ್ದು ಮೂರನೆಯ ಬಹುಮಾನ. ಓದುಗರು ಮಾತ್ರ ಆ ಕಥೆಯನ್ನು ಬಿಡಲಿಲ್ಲ; ಅದರಿಂದ ಕಥಾಸಂಗ್ರಹಗಳೂ ಕಾದಂಬರಿಗಳೂ ಬೆಳೆದವು. ಇತ್ತ ೧೯೯೪ರಲ್ಲಿ ಇಬ್ಬರು ಶಾಲಾ ಗೆಳೆಯರು ಸಿ.ಡಿ. ಪ್ರೊಜೆಕ್ಟನ್ನು ಸ್ಥಾಪಿಸಿ ಹೊರದೇಶದ ಆಟಗಳನ್ನು ತರಿಸಿ ಮಾರತೊಡಗಿದರು. ೧೯೯೯ರಲ್ಲಿ ಅವರು ಒಂದು ದೊಡ್ಡ ಇಂಗ್ಲಿಷ್ ಆಟವನ್ನು ಪೂರ್ತಿಯಾಗಿ ಪೋಲಿಷ್ ಭಾಷೆಗೆ ತಂದರು. ಪಾತ್ರಗಳಿಗೆ ತಮ್ಮ ದೇಶದ ಹೆಸರಾಂತ ನಟರಿಂದ ಮಾತಾಡಿಸಿದರು. ತಮ್ಮ ಭಾಷೆ ಅಲ್ಲಿ ಸಲ್ಲುತ್ತದೆಂಬ ಧೈರ್ಯ ಬಂದ ಮೇಲೆ ತಮ್ಮದೇ ಕಥೆಗೆ ಕೈಹಾಕಿದರು. ಮೊದಲ ವಿಚರ್ ೨೦೦೭ರಲ್ಲಿ ಬಂದಿತು. ೨೦೧೧ರಲ್ಲಿ ಅಮೆರಿಕೆಯ ಅಧ್ಯಕ್ಷ ಒಬಾಮಾ ಅವರು ವಾರ್ಸಾಕ್ಕೆ ಹೋದಾಗ ಅಲ್ಲಿನ ಪ್ರಧಾನಮಂತ್ರಿ ಎರಡನೆಯ ವಿಚರ್ ಆಟವನ್ನು ಅವರಿಗೆ ಉಡುಗೊರೆಯಾಗಿ ಕೊಟ್ಟರು. ಮೂರನೆಯದರಲ್ಲಿ ಪಿತೃಗಳಿಗೆ ಅನ್ನವಿಟ್ಟು ಕರೆಯುವ ಪೋಲೆಂಡಿನ ಹಳೆಯ ಆಚರಣೆಯೂ ಬರುತ್ತದೆ; ನಮ್ಮ ಮಹಾಲಯ ಅಮಾವಾಸ್ಯೆಯಂಥದು. ಲೋಕದ ಕೋಟ್ಯಂತರ ತರುಣರು ಅದನ್ನು ತಮ್ಮ ಮನೆಗಳಲ್ಲಿ ಕುಳಿತು ಕಂಡರು.

ನಮ್ಮಲ್ಲಿಯೂ ಹೀಗೊಂದು ಆದದ್ದುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಶೇಕ್ಸ್‌ಪಿಯರನ ನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ಯಾಗಿ ಕನ್ನಡಕ್ಕೆ ತಂದರು. ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ತಂದದ್ದು ಮೊದಲು, ಸ್ವಂತದ್ದು ಆಮೇಲೆ. ಆಟಗಳ ವಿಷಯದಲ್ಲಿ ನಾವು ಆ ಮೊದಲ ಹೆಜ್ಜೆಯನ್ನೇ ಇಟ್ಟಿಲ್ಲ. ಸ್ಕೈರಿಮ್ ಆಗಲಿ ವಿಚರ್ ಆಗಲಿ ಕನ್ನಡದಲ್ಲಿಲ್ಲ. ಭಾರತದ ಯಾವ ಭಾಷೆಯಲ್ಲಿಯೂ ಇಲ್ಲ. ಕೌಶಲ ನಮಗಿಲ್ಲವೆಂದು ಹೇಳುವಂತಿಲ್ಲ. ೧೯೯೭ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ಸ್ಥಾಪಿಸಿದ ‘ಧ್ರುವ ಇಂಟರಾಕ್ಟಿವ್’ ಪರದೇಶದ ದೊಡ್ಡ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟು ಹೆಸರಾಯಿತು. ೨೦೧೯ರಲ್ಲಿ ಅದನ್ನು ಅಮೆರಿಕೆಯ ಆಟದ ಸಂಸ್ಥೆಯೊಂದು ಕೊಂಡುಕೊಂಡಿತು. ನಮ್ಮ ಹುಡುಗರು ಪರರ ಕೋಟೆಗೆ ಕಲ್ಲು ಕಟೆದು ಕೊಟ್ಟರು. ತಪ್ಪೇನಿಲ್ಲ, ಅನ್ನದ ದಾರಿ. ಆದರೆ ನಮ್ಮ ಊರಿನದೇ ಸ್ಥಿತಿ ನೋಡಿ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ೧೯೪೭ರಿಂದ ಇಂಜಿನಿಯರಿಂಗ್ ವಿದ್ಯಾಲಯವಿದೆ. ೨೦೧೬ರಿಂದ ಧಾರವಾಡದಲ್ಲಿ ಐ.ಐ.ಟಿ. ಇದೆ. ಹತ್ತಿರದ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಸುತ್ತಣ ಹಳ್ಳಿಗಳಲ್ಲಿ ದೊಡ್ಡಾಟದ, ಶ್ರೀಕೃಷ್ಣ ಪಾರಿಜಾತದ ಕಲಾವಿದರು ಇನ್ನೂ ಇದ್ದಾರೆ. ಭಾದ್ರಪದದಲ್ಲಿ ಮಣ್ಣಿನ ಜೋಕುಮಾರನನ್ನು ಬುಟ್ಟಿಯಲ್ಲಿಟ್ಟು ಮನೆಮನೆಗೆ ಹೊತ್ತು ತರುವ ಹೆಣ್ಣುಮಕ್ಕಳಿದ್ದಾರೆ. ಅಷ್ಟಮಿಗೆ ಹುಟ್ಟಿ ಹುಣ್ಣಿಮೆಗೆ ಕೊಲೆಯಾಗಿ ಮಳೆ ತರುವ ಆ ದೇವರಿಗಿಂತ ಅದ್ಭುತವಾದ ಪಾತ್ರ ಯಾವ ಆಟದಲ್ಲಿದೆ? ಮೈಲಾರದ ಕಾರಣಿಕದಲ್ಲಿ ಬಿಲ್ಲೇರಿ ಗೊರವಯ್ಯ ನುಡಿಯುವ ಒಂದು ಸಾಲಿಗಾಗಿ ಲಕ್ಷ ಜನ ಉಸಿರು ಹಿಡಿದು ನಿಲ್ಲುತ್ತಾರೆ. ಮಾತಿನ ಶಕ್ತಿಗೆ ಸ್ಕೈರಿಮ್‌ನ ಶಿಖರಕ್ಕೇ ಹೋಗಬೇಕೇ? ಇವರೆಲ್ಲ ಹತ್ತಿಪ್ಪತ್ತು ಹರದಾರಿಯೊಳಗೆ ಬಾಳುತ್ತಿದ್ದಾರೆ. ಯಂತ್ರ ಬಲ್ಲವರೂ ಕಥೆ ಬಲ್ಲವರೂ ಒಂದು ಕ್ಷಣ ಎದುರುಬದುರು ಕುಳಿತು ಮಾತಾಡಿದ್ದನ್ನು ಮಾತ್ರ ನಾನು ಕಂಡಿಲ್ಲ.

ಆ ರಾತ್ರಿ ಮರದ ಬೇರಿನ ಪ್ರಸಂಗ ಬಂದಾಗ ಮೊಮ್ಮಗ ಕೈ ತಡೆದು ನನ್ನ ಕಡೆ ತಿರುಗಿದ. “ಅಜ್ಜಾ, ನೀ ಇದ್ರ ಏನ್ ಮಾಡ್ತಿದ್ದಿ?” ಎಂದು ಕೇಳಿದ. ಕೊಲ್ಲು ಎನ್ನಲೂ ಬಿಡು ಎನ್ನಲೂ ನನಗೆ ಬಾಯಿ ಬರಲಿಲ್ಲ. ನಲವತ್ತು ವರ್ಷ ತರಗತಿಯಲ್ಲಿ ಧರ್ಮಸಂಕಟವನ್ನು ವಿವರಿಸಿದವನು ನಾನು. ಅವನು ಸ್ವಲ್ಪ ಹೊತ್ತು ಕಾಯ್ದು, ತಾನೇ ನಿರ್ಧರಿಸಿ ಮರದಲ್ಲಿದ್ದುದನ್ನು ಬಿಡಿಸಿದ. ಅದರ ಫಲ ಎರಡು ದಿನ ಕಳೆದ ಮೇಲೆ ಕಾಣಿಸಿತು. ಅವನು ಆಟವನ್ನು ನಿಲ್ಲಿಸಿ ಅಂಗಳಕ್ಕೆ ಹೋಗಿ ಕುಳಿತ. ನಾನೂ ಹೋಗಿ ಪಕ್ಕದಲ್ಲಿ ಕುಳಿತೆ. ಅಂದು ನಾವು ಆಡಿದಷ್ಟು ಮಾತು ಅದಕ್ಕೆ ಮುಂಚೆ ಎಂದೂ ಆಡಿರಲಿಲ್ಲ. ಆಡಿದ್ದು ಕನ್ನಡದಲ್ಲಿ, ಆಟ ಇದ್ದದ್ದು ಇಂಗ್ಲಿಷಿನಲ್ಲಿ.

(ಬಾನುಲಿ ಭಾಷಣ)